ನೆರಳು ಪುಟ್ಟದಾದ್ರೆ ಒಳಗೆ ಬಾ: ಚಿಕ್ಕ ಮಕ್ಕಳಿಗೆ ಬಿಸಿಲಿನ ಪಾಠ, ಸ್ಟೆಪ್ ಬೈ ಸ್ಟೆಪ್

ಹೋದ ವರ್ಷ ಏಪ್ರಿಲ್‌ನಲ್ಲಿ ಮಗಳನ್ನ ಕರ್ಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ವಿ. ಹಾಸನದಿಂದ ಹೊರಡೋದೇ ಲೇಟಾಗಿ ವಿಂಧ್ಯಗಿರಿ ಹತ್ತೋಕೆ ಶುರು ಮಾಡಿದಾಗ ಹತ್ತೂವರೆ. ಚಪ್ಪಲಿ ಕೆಳಗೇ ಬಿಡ್ಬೇಕಲ್ವಾ, ಬಂಡೇಲೇ ಕಡಿದಿರೋ ಆರ್ನೂರಕ್ಕೂ ಮೇಲ್ಪಟ್ಟು ಮೆಟ್ಟಿಲು, ಹತ್ತೋವಾಗ ಏನೂ ಅನ್ನಿಸ್ಲಿಲ್ಲ, ಮೇಲೆ ಹೋದ್ಮೇಲಂತೂ ಎಂಥಾ ಗಾಳಿ ಅಂದ್ರೆ ಬೆವರೇ ಇಲ್ಲ, ಮಗಳು ಖುಷಿಯಾಗಿ ಓಡಾಡ್ಕೊಂಡು ಇದ್ಲು. ಇಳಿಯೋ ಹೊತ್ತಿಗೆ ಹನ್ನೆರಡೂಕಾಲು. ನಾಲ್ಕು ಮೆಟ್ಟಿಲು ಇಳಿದಿಲ್ಲ, "ಅಮ್ಮಾ ಕಾಲು, ಅಮ್ಮಾ ಕಾಲು" ಅಂತ ಒಂದು ಕಾಲು ಎತ್ತಿ ಇನ್ನೊಂದು ಕಾಲು ಎತ್ತಿ ಅಳೋಕೆ ಶುರು ಮಾಡಿದ್ಲು, ಅವರಪ್ಪ ಕೆಳಗಿನ ತನಕ ಎತ್ಕೊಂಡೇ ಇಳಿದ್ರು. ರಾತ್ರಿ ನೋಡಿದ್ರೆ ಅಂಗಾಲಲ್ಲಿ ಎರಡು ಬೊಬ್ಬೆ, ಕೆನ್ನೆ ಮೂಗು ಮುಟ್ಟೋಕೆ ಬಿಡ್ತಿಲ್ಲ, ಮೂರನೇ ದಿನಕ್ಕೆ ಮೂಗಿನ ಮೇಲೆ ಸಿಪ್ಪೆ ಎದ್ದಿತ್ತು.

ನಾನು ಎಲ್‌ಕೆಜಿ ಟೀಚರ್. ಕೈ ತೊಳ್ಕೋ, ರಸ್ತೆ ನೋಡಿ ದಾಟು ಅಂತ ದಿನಾ ಹೇಳ್ಕೊಡ್ತೀನಿ, ಬಿಸಿಲಿನ ಬಗ್ಗೆ ಒಂದು ದಿನಾನೂ ಹೇಳ್ಕೊಟ್ಟಿರ್ಲಿಲ್ಲ. ಆ ರಾತ್ರಿ ಅದು ಮನಸ್ಸಿಗೆ ತುಂಬಾ ಚುಚ್ಚಿತು. ಅಲ್ಲಿಂದ ಒಂದು ವರ್ಷ ಮನೇಲಿ ಮಗಳ ಜೊತೆ, ಕ್ಲಾಸಲ್ಲಿ ಮಕ್ಕಳ ಜೊತೆ ಮಾಡಿ ನೋಡಿ, ಯಾವುದು ಅವರ ತಲೇಲಿ ಕೂತ್ಕೊಳ್ತೋ ಅದನ್ನ ಇಲ್ಲಿ ಬರೀತಿದ್ದೀನಿ. ಮೂರರಿಂದ ಏಳು ವರ್ಷದ ಮಕ್ಕಳಿರೋರಿಗೆ ಇದು.

ಸ್ಟೆಪ್ 1: ಮೊದಲು ದೊಡ್ಡೋರು ತಿಳ್ಕೊಳ್ಳಿ, ಬಿಸಿ ಬೇರೆ ಬಿಸಿಲು ಬೇರೆ

ನಮ್ಮ ಹಾಸನಕ್ಕೆ ಬಡವರ ಊಟಿ ಅಂತಾರೆ, ಚಿಕ್ಕಮಗಳೂರಿನೋರಂತೂ ಕೇಳಲೇ ಬೇಡಿ, "ನಮ್ಮೂರಲ್ಲಿ ಎಂಥ ಬಿಸಿಲು, ಬಿಸಿಲು ಅಂದ್ರೆ ರಾಯಚೂರು ಬಳ್ಳಾರಿ" ಅಂತಾರೆ. ಇಲ್ಲೇ ನಾವು ಮೋಸ ಹೋಗೋದು. ಮೈಗೆ ಶೆಕೆ ಆಗೋದು ಗಾಳಿಯ ಬಿಸಿಯಿಂದ. ಚರ್ಮ ಸುಡೋದು, ಕಣ್ಣಿಗೆ ತೊಂದ್ರೆ ಕೊಡೋದು ನೇರಳಾತೀತ ಕಿರಣ, ಎಲ್ಲರೂ ಯುವಿ ಅಂತಾರಲ್ಲ ಅದು. ಅದಕ್ಕೂ ಥರ್ಮಾಮೀಟರ್‌ಗೂ ಸಂಬಂಧ ಇಲ್ಲ, ಅದು ಕಣ್ಣಿಗೂ ಕಾಣಲ್ಲ ಮೈಗೂ ಗೊತ್ತಾಗಲ್ಲ. ತಣ್ಣನೆ ಗಾಳಿ ಬೀಸ್ತಿದ್ರೂ ಅದು ಬೀಳ್ತಾನೇ ಇರುತ್ತೆ.

ಇನ್ನೊಂದು, ನಾವಿರೋದೇ ಎತ್ತರದಲ್ಲಿ. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್, ಚಿಕ್ಕಮಗಳೂರು ಸಾವಿರ ದಾಟುತ್ತೆ, ಮುಳ್ಳಯ್ಯನಗಿರಿ ತುದಿ 1,900 ಮೀಟರ್‌ಗೂ ಮೇಲೆ. ಸಾವಿರ ಮೀಟರ್ ಮೇಲೆ ಹೋದ್ರೆ ಯುವಿ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿ ಆಗುತ್ತೆ, ಅಂದ್ರೆ ಮೈ ತಣ್ಣಗಿರೋ ಬೆಟ್ಟದ ಮೇಲೆ ಚರ್ಮಕ್ಕೆ ಬೀಳೋ ಏಟು ಜಾಸ್ತಿ. ತೆಳು ಮೋಡ ಇದ್ರೂ ಬಹುಪಾಲು ದಾಟಿ ಬರುತ್ತೆ. ಫೋನಿನ ವೆದರ್ ಆಪ್‌ನಲ್ಲಿ ಯುವಿ ಇಂಡೆಕ್ಸ್ ಅಂತ ಒಂದು ನಂಬರ್ ಇರುತ್ತೆ, ಇವತ್ತೇ ತೆಗೆದು ನೋಡಿ. 3 ಬಂದ್ರೆ ಟೋಪಿ ಬಟ್ಟೆ ಶುರು ಮಾಡ್ಬೇಕು, 8 ಆದ್ಮೇಲೆ ಮಕ್ಕಳು ಬಯಲಲ್ಲಿ ಇರಬಾರದು, 11 ಅಂದ್ರೆ ವಿಪರೀತ. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ 10, 11 ಕಾಣೋದು ಮಾಮೂಲಿ, ಅದೇ ಹೊತ್ತಿಗೆ ನಾವು "ಇವತ್ತು ಪರವಾಗಿಲ್ಲ, ಗಾಳಿ ಇದೆ" ಅಂತ ಮಾತಾಡ್ಕೊಂಡು ಕೂತಿರ್ತೀವಿ.

ಸ್ಟೆಪ್ 2: ಬಿಸಿಲಿಗೆ ಹೆಸರು ಕಲಿಸಿ

ಮಗುಗೆ ಯುವಿ ಅಂದ್ರೆ ಏನೂ ಅರ್ಥ ಆಗಲ್ಲ, ಹೇಳೋಕೂ ಹೋಗ್ಬೇಡಿ. ನಮ್ಮ ಕನ್ನಡದಲ್ಲೇ ಬಿಸಿಲಿಗೆ ಎಷ್ಟು ಚೆಂದದ ಹೆಸರುಗಳಿವೆ ನೋಡಿ, ಎಳೆಬಿಸಿಲು, ಏರುಬಿಸಿಲು, ಉರಿಬಿಸಿಲು, ಇಳಿಬಿಸಿಲು. ಮೊದಲ ವಾರ ಇಷ್ಟೇ ಸಾಕು. ಬೆಳಗ್ಗೆ ಹಲ್ಲುಜ್ಜೋವಾಗ ಹೊರಗೆ ನೋಡಿ "ಇದು ಯಾವ ಬಿಸಿಲು?" ಅಂತ ಕೇಳಿ. ಸ್ಕೂಲಿಂದ ಬಂದಾಗ ಕೇಳಿ. ಸಂಜೆ ತುಳಸಿ ಕಟ್ಟೆ ಹತ್ರ ಕೇಳಿ. ಎಳೆಬಿಸಿಲು ಫ್ರೆಂಡು, ಏರುಬಿಸಿಲಿಗೆ ಟೋಪಿ, ಉರಿಬಿಸಿಲಿಗೆ ಮನೆ ಒಳಗೆ, ಇಳಿಬಿಸಿಲಿಗೆ ಮತ್ತೆ ಆಟ. ನಾಲ್ಕು ಬಿಸಿಲಿಗೆ ನಾಲ್ಕು ಆಕ್ಷನ್ ಮಾಡ್ಕೊಂಡ್ವಿ ಕ್ಲಾಸಲ್ಲಿ, ಎಳೆಬಿಸಿಲು ಅಂದ್ರೆ ಎರಡೂ ಕೈ ಚಾಚೋದು, ಏರುಬಿಸಿಲು ಅಂದ್ರೆ ತಲೆ ಮೇಲೆ ಕೈ, ಉರಿಬಿಸಿಲು ಅಂದ್ರೆ ಬೆಂಚಿನ ಕೆಳಗೆ ಓಡೋದು, ಇಳಿಬಿಸಿಲು ಅಂದ್ರೆ ಕುಣಿಯೋದು. ಬೆಂಚಿನ ಕೆಳಗೆ ಓಡೋದಕ್ಕೋಸ್ಕರನೇ ಎಲ್ಲರೂ ಕಲಿತ್ರು.

ಬಿಸಿಲು ಕೆಟ್ಟದ್ದು ಅಂತ ಮಾತ್ರ ಹೇಳ್ಬೇಡಿ. ಮಕ್ಕಳು ಹೊರಗೆ ಆಡಲೇಬೇಕು, ಬಿಸಿಲು ಮೈಗೆ ಬೀಳಲೇಬೇಕು, ವಿಟಮಿನ್ ಡಿ ಆಗೋದೇ ಅದರಿಂದ. ಯಾವ ಹೊತ್ತಲ್ಲಿ ಎಷ್ಟು ಹೊತ್ತು ಅನ್ನೋದು ಗೊತ್ತಿರ್ಬೇಕು, ಅಷ್ಟೇ.

ಸ್ಟೆಪ್ 3: ನೆರಳಿನ ಗಡಿಯಾರ

ಇಡೀ ಪಾಠದ ಜೀವಾಳ ಇದೇ, ಬೇರೆ ಏನು ಬಿಟ್ರೂ ಇದನ್ನ ಬಿಡ್ಬೇಡಿ. ಗಂಟೆ ನೋಡೋಕೆ ಬರದ ಮಗುಗೂ ತನ್ನ ನೆರಳು ನೋಡೋಕೆ ಬರುತ್ತೆ.

ರಜಾ ದಿನ ಒಂದು ಚಾಕ್‌ಪೀಸ್ ತಗೊಂಡು ಅಂಗಳದಲ್ಲೋ ತಾರಸಿ ಮೇಲೋ ಮಗುನ ನಿಲ್ಲಿಸಿ, ನಿಂತಿರೋ ಜಾಗಕ್ಕೆ ಪಾದದ ಸುತ್ತ ಗೆರೆ ಎಳೀರಿ. ಎಂಟು ಗಂಟೆಗೆ ನೆರಳಿನ ತಲೆ ಎಲ್ಲಿ ಬರುತ್ತೋ ಅಲ್ಲಿ ಒಂದು ಗುರುತು, ಹತ್ತಕ್ಕೆ ಒಂದು, ಹನ್ನೆರಡೂಕಾಲಿಗೆ ಒಂದು, ಮೂರಕ್ಕೆ, ಐದಕ್ಕೆ. ಪ್ರತಿ ಸಲ ಅದೇ ಪಾದದ ಗುರುತಿನ ಮೇಲೇ ನಿಲ್ಲಿಸಿ, ಗುರುತು ಹಾಕಿದ ತಕ್ಷಣ ಒಳಗೆ ಕರ್ಕೊಂಡು ಬನ್ನಿ. ಆಮೇಲೆ ಮಗುನ ನೆಲದ ಮೇಲೆ ಮಲಗಿಸಿ ಅದರ ಉದ್ದಕ್ಕೇ ಒಂದು ಗೆರೆ ಎಳ್ಕೊಳ್ಳಿ, ನಮ್ಮ ಮನೇಲಿ ಇದನ್ನ ಜಗಲೀಲಿ ಮಾಡಿದ್ವಿ, ಸಿಮೆಂಟ್ ಅಲ್ಲಿ ತಣ್ಣಗಿತ್ತು. ಈಗ ಒಂದು ದಾರದಲ್ಲಿ ಎರಡನ್ನೂ ಅಳತೆ ಮಾಡಿ ತೋರ್ಸಿ. ನೆರಳು ನಿನಗಿಂತ ಉದ್ದ ಇದ್ರೆ ಆಡು. ನಿನಗಿಂತ ಪುಟ್ಟದಾದ್ರೆ ಒಳಗೆ ಬಾ. ನಿಯಮ ಇಷ್ಟೇ.

ಲೆಕ್ಕ ಹಾಕಿದ್ರೆ, ಏಪ್ರಿಲ್ ಕೊನೇಲಿ ಹಾಸನದಲ್ಲಿ ಬೆಳಗ್ಗೆ ಸುಮಾರು ಒಂಬತ್ತು ಇಪ್ಪತ್ತಕ್ಕೇ ನೆರಳು ನಮಗಿಂತ ಚಿಕ್ಕದಾಗುತ್ತೆ, ಮತ್ತೆ ನಮ್ಮಷ್ಟು ಉದ್ದ ಆಗೋದು ಮಧ್ಯಾಹ್ನ ಸುಮಾರು ಮೂರೂವರೆಗೆ. ಆರು ಗಂಟೆ ಕಾಲ! ಡಿಸೆಂಬರ್‌ನಲ್ಲಿ ಅದೇ ಸುಮಾರು ಹತ್ತೂವರೆಯಿಂದ ಎರಡು ಗಂಟೆ ತನಕ ಮಾತ್ರ. ಅದಕ್ಕೇ "ಹನ್ನೊಂದರಿಂದ ಮೂರು ಹೊರಗೆ ಹೋಗ್ಬೇಡ" ಅಂತ ವರ್ಷಪೂರ್ತಿ ಒಂದೇ ಟೈಮ್ ಹೇಳೋದಕ್ಕಿಂತ ನೆರಳು ನೋಡು ಅನ್ನೋದು ಒಳ್ಳೇದು, ನೆರಳು ತಾನಾಗೇ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತೆ.

ಏಪ್ರಿಲ್ 24, 25ರ ಸುಮಾರಿಗೆ ಇನ್ನೊಂದು ಚೆಂದ ಇದೆ. ಹಾಸನ ಚಿಕ್ಕಮಗಳೂರು ಎರಡೂ 13 ಡಿಗ್ರಿ ಅಕ್ಷಾಂಶದ ಹತ್ರ ಇರೋದ್ರಿಂದ ಆಗ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಹನ್ನೆರಡು ಇಪ್ಪತ್ತು, ಇಪ್ಪತ್ತೈದರ ಹೊತ್ತಿಗೆ. ನೆಟ್ಟಗೆ ನಿಲ್ಲಿಸಿದ ಚೊಂಬಿಗೆ ನೆರಳೇ ಇರಲ್ಲ. ಶೂನ್ಯ ನೆರಳಿನ ದಿನ ಅಂತಾರೆ ಇದಕ್ಕೆ, ಆಗಸ್ಟ್ 18ರ ಸುಮಾರಿಗೆ ಮತ್ತೆ ಬರುತ್ತೆ. ಜಗಲಿ ಅಂಚಲ್ಲಿ ನಿಂತು ಎರಡು ನಿಮಿಷ ಚೊಂಬು ಇಟ್ಟು ತೋರ್ಸಿದೆ, ಮಗಳು ಚೊಂಬು ಎತ್ತಿ ಕೆಳಗೆ ನೋಡಿದ್ಲು, "ನೆರಳು ಒಳಗೆ ಬಚ್ಚಿಟ್ಕೊಂಡಿದೆ, ಅದಕ್ಕೂ ಬಿಸಿಲು" ಅಂದ್ಲು. ನಾನು ಹೇಳ್ಕೊಡ್ಬೇಕಾಗಿದ್ದ ಪಾಠ ಅವಳೇ ಹೇಳಿದ್ಲು. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತೆ, ಅಂದ್ರೆ ವರ್ಷದ ಮಿಕ್ಕ ದಿನ ಮಧ್ಯಾಹ್ನ ತಣ್ಣಗಿರೋ ಮನೆಯ ಉತ್ತರದ ಪಕ್ಕಕ್ಕೆ ಆಗ ಬಿಸಿಲು. ಮಗು ಆಡೋ ಚಾಪೆ ಎಲ್ಲಿ ಹಾಕ್ಬೇಕು ಅನ್ನೋಕೆ ಇದು ಉಪಯೋಗಕ್ಕೆ ಬರುತ್ತೆ.

ಸ್ಟೆಪ್ 4: ಟೋಪಿ

ನಮ್ಮ ಚಿಕ್ಕಮ್ಮನ ಮನೆ ಸಕಲೇಶಪುರದ ಕಡೆ, ಫೆಬ್ರವರೀಲಿ ಹೋಗಿದ್ದಾಗ ಅವರು ಕಾಫಿ ನರ್ಸರಿ ಮಾಡಿದ್ರು. ಕಾಫಿ ಬೀಜ ಹಾಕಿ ಒಂದೂವರೆ ತಿಂಗಳಿಗೆ ಮೊಳಕೆ ಮೇಲೆ ಬರುತ್ತಲ್ಲ, ಬೀಜದ ಸಿಪ್ಪೆ ಇನ್ನೂ ತುದೀಲೇ ಕೂತಿರುತ್ತೆ, ಅದಕ್ಕೆ ಟೋಪಿ ಅಂತಾನೇ ಹೆಸರು. ಕಡ್ಡಿ ಥರ ಕಾಂಡ, ಮೇಲೊಂದು ಕಂದು ಬಣ್ಣದ ಗುಂಡು ಟೋಪಿ, ಸಾಲಾಗಿ ನೂರಾರು ನಿಂತಿದ್ವು, ಮೇಲೆ ಚಪ್ಪರ. ಮಗಳು ಪಾತಿ ಪಕ್ಕ ಕುಕ್ಕರಗಾಲಲ್ಲಿ ಕೂತು ಎಣಿಸೋಕೇ ಶುರು ಮಾಡಿದ್ಲು. ಚಿಕ್ಕಮ್ಮ ಹೇಳಿದ್ರು, "ನೋಡು ಪುಟ್ಟಿ, ಇದು ಕೂಸು, ಇದಕ್ಕೆ ಟೋಪೀನೂ ಬೇಕು ಚಪ್ಪರಾನೂ ಬೇಕು, ಈಗ್ಲೇ ಚಪ್ಪರ ತೆಗೆದ್ರೆ ಸುಟ್ಟು ಹೋಗುತ್ತೆ, ಸ್ವಲ್ಪ ಸ್ವಲ್ಪಾನೇ ಬಿಸಿಲು ತೋರಿಸ್ಬೇಕು." ಅಲ್ಲಿಂದ ಬಂದ್ಮೇಲೆ ಟೋಪಿಗೆ ಜಗಳ ಇಲ್ಲ. ನಿಮ್ಮ ನೆಂಟರ ಪೈಕಿ ಯಾರದ್ದಾದ್ರೂ ತೋಟ ಇದ್ರೆ ಖಂಡಿತ ಕರ್ಕೊಂಡು ಹೋಗಿ ತೋರ್ಸಿ, ಹತ್ತು ಸಲ ಹೇಳೋದು ಒಂದು ಸಲ ನೋಡಿದ್ದಕ್ಕೆ ಸಮ ಅಲ್ಲ.

ಯಾವ ಟೋಪಿ ಅಂದ್ರೆ, ಸುತ್ತಲೂ ಎರಡರಿಂದ ಮೂರು ಇಂಚು ಅಂಚು ಇರೋದು. ಕ್ರಿಕೆಟ್ ಕ್ಯಾಪ್ ಹಾಕಿದ್ರೆ ಕಿವಿ, ಕತ್ತಿನ ಹಿಂಭಾಗ ಎರಡೂ ಬಿಸಿಲಿಗೇ ಇರುತ್ತೆ. ಕಾಟನ್ ಆಗಿರ್ಲಿ, ಕೆಳಗೆ ಲೂಸಾಗಿ ದಾರ ಇರ್ಲಿ, ಜಾರುಬಂಡೆ ಹತ್ತೋವಾಗ ಮಾತ್ರ ದಾರ ಎಲ್ಲೂ ಸಿಕ್ಕಿಹಾಕ್ಕೊಳ್ದಂಗೆ ಬಿಚ್ಚಿ. ಅಂಗಡೀಲಿ ಮಗುನೇ ಆರಿಸ್ಲಿ, ಬಣ್ಣ ನಿಮಗೆ ಇಷ್ಟ ಆಗದೇ ಇದ್ರೂ ಪರವಾಗಿಲ್ಲ, ತಾನು ಆರಿಸಿದ್ದನ್ನ ಮಗು ಹಾಕ್ಕೊಳ್ಳುತ್ತೆ. ಚಪ್ಪಲಿ ಸ್ಟ್ಯಾಂಡ್ ಪಕ್ಕ ಮಗು ಕೈಗೆ ಎಟುಕೋ ಹಾಗೆ ಒಂದು ಮೊಳೆ ಹೊಡೀರಿ, ಚಪ್ಪಲಿ ಹಾಕ್ಕೊಂಡ್ರೆ ಟೋಪೀನೂ ಬರ್ಬೇಕು. ಮತ್ತೆ ನೀವೂ ಹಾಕ್ಕೊಳ್ಳಿ. ಆಲೂಗಡ್ಡೆ ಹೊಲದಲ್ಲಿ ಕೆಲಸ ಮಾಡೋರು ಟವಲ್ ಸುತ್ಕೊಳ್ದೇ, ಸೆರಗು ಹೊದ್ಕೊಳ್ದೇ ಇಳಿಯಲ್ಲ. ಮಗುಗೆ ಅವರನ್ನ ತೋರ್ಸಿ.

ಆಸ್ಟ್ರೇಲಿಯಾದಲ್ಲಿ 1981ರಲ್ಲೇ ಸ್ಲಿಪ್ ಸ್ಲಾಪ್ ಸ್ಲ್ಯಾಪ್ ಅಂತ ದೊಡ್ಡ ಪ್ರಚಾರ ಮಾಡಿದ್ರು, ಅಂಗಿ ಹಾಕು, ಸನ್‌ಸ್ಕ್ರೀನ್ ಹಚ್ಚು, ಟೋಪಿ ಇಡು ಅಂತ. ಅಲ್ಲಿ ಎಷ್ಟೋ ಸ್ಕೂಲಲ್ಲಿ ಟೋಪಿ ಇಲ್ಲ ಅಂದ್ರೆ ಬಯಲಲ್ಲಿ ಆಟ ಇಲ್ಲ. ಅಲ್ಲಿ ಬಿಳಿ ಚರ್ಮದೋರು ಜಾಸ್ತಿ, ಚರ್ಮದ ಕ್ಯಾನ್ಸರ್ ಭಯಾನೂ ಜಾಸ್ತಿ. ನಮ್ಮ ಚರ್ಮಕ್ಕೆ ಆ ಅಪಾಯ ತುಂಬಾ ಕಮ್ಮಿ ನಿಜ, ಆದ್ರೆ ಚರ್ಮ ಸುಡೋದು, ಕಣ್ಣು, ನೀರು ಕಮ್ಮಿ ಆಗೋದು, ಶಾಖ ಏರೋದು ನಮ್ಮ ಮಕ್ಕಳಿಗೂ ಇದೆ.

ಸ್ಟೆಪ್ 5: ಬಟ್ಟೆ, ಮತ್ತೆ ಸ್ಕೂಟರ್

ಬಟ್ಟೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ತುಂಬುತೋಳಿನ ಸಡಿಲ ಕಾಟನ್. ಬಟ್ಟೇನ ಬೆಳಕಿಗೆ ಹಿಡಿದು ನೋಡಿ, ಆ ಕಡೆ ಇರೋದು ಚೆನ್ನಾಗಿ ಕಾಣ್ತಿದ್ರೆ ಬಿಸಿಲೂ ಹಾಗೇ ಒಳಗೆ ಬರುತ್ತೆ. ನೀರಲ್ಲಿ ಆಡಿ ಒದ್ದೆಯಾದ ತೆಳು ಬನಿಯನ್ ಅಷ್ಟು ತಡೆಯಲ್ಲ.

ಸ್ಕೂಟರ್ ವಿಷಯ ಮಾತ್ರ ಹೇಳಲೇಬೇಕು. ನಮ್ಮ ಕಡೆ ಮಗುನ ಮುಂದೆ ನಿಲ್ಲಿಸ್ಕೊಂಡು ಹಾಸನದಿಂದ ಬೇಲೂರಿಗೆ, ಅರಸೀಕೆರೆಗೆ ಹೋಗೋರು ಎಷ್ಟು ಜನ! ಗಾಳಿ ಹೊಡೀತಿರೋದ್ರಿಂದ ಮಗು ಅಳಲ್ಲ, ಮಲ್ಗೇ ಬಿಡುತ್ತೆ, ನಮಗೆ ಗೊತ್ತಾಗಲ್ಲ, ಮುಖಕ್ಕೆ ಮಾತ್ರ ಒಂದು ಗಂಟೆ ನೇರ ಬಿಸಿಲು. ದೂರದ ದಾರಿ ಇದ್ರೆ ಬೆಳಗ್ಗೆ ಬೇಗ ಹೊರಡಿ, ಇಲ್ಲಾ ಬಸ್ಸಿಗೆ ಹೋಗಿ, ಬಸ್ಸಲ್ಲೂ ಬಿಸಿಲು ಬೀಳೋ ಕಡೆ ಕಿಟಕಿಗೆ ಕೂರಿಸ್ಬೇಡಿ.

"ಕರ್ರಗಾಗ್ತೀಯ" ಅಂತ ಹೆದರಿಸ್ಬೇಡಿ

ಇದಕ್ಕೆ ಸ್ಟೆಪ್ ನಂಬರ್ ಹಾಕಿಲ್ಲ, ಯಾಕಂದ್ರೆ ಇದು ಎಲ್ಲಾ ಸ್ಟೆಪ್‌ಗೂ ಸೇರಿದ್ದು. ನಮ್ಮತ್ತೆ ಪ್ರೀತಿಯಿಂದಾನೇ ಹೇಳೋರು, "ಬಿಸ್ಲಲ್ಲಿ ಆಡ್ಬ್ಯಾಡ ಕಣ್ ಮಗಾ, ಕರ್ರಗಾಗೋಯ್ತೀಯ" ಅಂತ. ಒಂದು ದಿನ ಮಗಳು ಕನ್ನಡಿ ಮುಂದೆ ನಿಂತು ಕೈ ಉಜ್ಕೊಳ್ತಾ ಇದ್ಲು, ಏನಮ್ಮಾ ಅಂದ್ರೆ "ಕಪ್ಪು ಹೋಗ್ತಿಲ್ಲ" ಅಂದ್ಲು. ಐದು ವರ್ಷದ ಮಗು! ನಂಗೆ ಗಂಟಲು ಕಟ್ಟಿತು. ಅತ್ತೆ ಹತ್ರ ಕೂತು ಹೇಳ್ದೆ, ಅತ್ತೆ, ನೀವು ಬಿಸಿಲಿಗೆ ಹೋಗ್ಬೇಡ ಅನ್ನಿ, ಬಣ್ಣದ ಮಾತು ಬೇಡ, ನಾಳೆ ಕ್ಲಾಸಲ್ಲಿ ಅವಳಿಗಿಂತ ಕಪ್ಪಗಿರೋ ಮಗು ಪಕ್ಕ ಕೂತ್ಕೊಳ್ಳೋವಾಗ ಇವಳು ಏನಂದ್ಕೊಳ್ತಾಳೆ ಅಂತ. ಅವರಿಗೂ ಅರ್ಥ ಆಯ್ತು. ಈಗ ಅವರು ಹೇಳೋದು "ಚರ್ಮಕ್ಕೆ ಉರಿಯಾಯ್ತದೆ ಬಾ ಮಗಾ". ಮಗುಗೆ ನಿಜ ಹೇಳಿ, ಚರ್ಮದಲ್ಲಿರೋ ಕಂದು ಬಣ್ಣ ದೇಹವೇ ಹಿಡ್ಕೊಂಡಿರೋ ಕೊಡೆ, ಒಳ್ಳೆ ಕೊಡೆ, ಆದ್ರೆ ಚಿಕ್ಕ ಕೊಡೆ, ಅದಕ್ಕೆ ಇನ್ನೊಂದು ಕೊಡೆ ಸೇರಿಸೋಣ ಅಂತ.

ಸ್ಟೆಪ್ 6: ಸನ್‌ಸ್ಕ್ರೀನ್ ಯಾವಾಗ, ಹೇಗೆ

ದಿನಾ ಮನೆ ಹತ್ರ ಆಡೋಕೆ ನೆರಳು, ಬಟ್ಟೆ, ಟೋಪಿ ಸಾಕು ಅನ್ನೋದು ನನ್ನ ಅಭಿಪ್ರಾಯ. ಮುಚ್ಚೋಕೆ ಆಗದ ಜಾಗಕ್ಕೆ, ಬೆಟ್ಟ, ಈಜು, ಜಾತ್ರೆ, ಸ್ಪೋರ್ಟ್ಸ್ ಡೇ ಥರ ತುಂಬಾ ಹೊತ್ತು ಹೊರಗಿರೋ ದಿನಕ್ಕೆ ಸನ್‌ಸ್ಕ್ರೀನ್ ಇರ್ಲಿ. ಆರು ತಿಂಗಳ ಒಳಗಿನ ಕೂಸಿಗೆ ಹಚ್ಚೋದು ಬೇಡ, ಅದನ್ನ ನೆರಳಲ್ಲೇ ಇಟ್ಕೊಳ್ಳಿ. ತಗೊಳ್ಳೋವಾಗ ಮೂರು ನೋಡಿ: ಎಸ್‌ಪಿಎಫ್ 30 ಅಥವಾ ಮೇಲೆ, ಬ್ರಾಡ್ ಸ್ಪೆಕ್ಟ್ರಮ್ ಅಂತ ಬರೆದಿರ್ಬೇಕು, ಎಕ್ಸ್‌ಪೈರಿ ಡೇಟ್. ಚಿಕ್ಕ ಮಕ್ಕಳಿಗೆ ಜಿಂಕ್ ಆಕ್ಸೈಡ್ ಇರೋದು ಚರ್ಮಕ್ಕೆ ಸೌಮ್ಯ, ಸ್ವಲ್ಪ ಬೆಳ್ಳಗೆ ಕಾಣುತ್ತೆ, ಕಾಣ್ಲಿ ಬಿಡಿ. ಸ್ಪ್ರೇ ಬೇಡ, ಉಸಿರಿಗೆ ಹೋಗುತ್ತೆ. ಮೊದಲ ಸಲ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

ಹೊರಡೋಕೆ ಇಪ್ಪತ್ತು ನಿಮಿಷ ಮುಂಚೆ ಹಚ್ಚಿ, ಎರಡು ಗಂಟೆಗೊಂದ್ಸಲ ಮತ್ತೆ, ಬೆವರು ಒರೆಸಿದ ಮೇಲೆ ಈಜಿದ ಮೇಲೆ ಮತ್ತೆ. ಎಲ್ಲರೂ ಮಾಡೋ ತಪ್ಪು ಏನಂದ್ರೆ ಕಮ್ಮಿ ಹಚ್ಚೋದು, ಕಡಲೆಕಾಳಷ್ಟು ತಗೊಂಡು ಇಡೀ ಮುಖಕ್ಕೆ ಸವರಿದ್ರೆ ಡಬ್ಬಿ ಮೇಲೆ ಬರೆದಿರೋ ರಕ್ಷಣೆ ಸಿಗಲ್ಲ.

ಮಗು ಒಪ್ಪಲ್ವಾ? ರಂಗೋಲಿ ಆಟ ಮಾಡಿ. ಹಣೆ ಮೇಲೆ ಮೂರು ಚುಕ್ಕಿ, ಕೆನ್ನೆಗೆ ಮೂರು ಮೂರು, ಮೂಗಿಗೆ ಒಂದು, ಗದ್ದಕ್ಕೆ ಒಂದು, ಕಿವಿಗೊಂದೊಂದು, ಕತ್ತಿಗೆ ನಾಲ್ಕು, ಚುಕ್ಕಿ ಇಡೋದು ಅಮ್ಮ, ಎಳೆ ಎಳೆಯೋದು ಮಗು, ಕನ್ನಡಿ ಮುಂದೆ. ಕಣ್ಣಿನ ಹತ್ರ ಮಾತ್ರ ನೀವೇ ಹಚ್ಚಿ. ಮಗಳು ಈಗ "ಇಲ್ಲಿ ಚುಕ್ಕಿ ಬಿಟ್ಟಿದ್ದೀಯ" ಅಂತ ನಂಗೇ ಹೇಳ್ತಾಳೆ, ಮರೆತು ಹೋಗೋದು ಯಾವಾಗ್ಲೂ ಕಿವಿನೇ.

ಯಾಕೆ ಹಚ್ಬೇಕು ಅಂತ ತೋರ್ಸೋಕೆ ಒಂದು ಪ್ರಯೋಗ ಇದೆ. ಗಾಢ ಬಣ್ಣದ ಕ್ರಾಫ್ಟ್ ಪೇಪರ್ ಮೇಲೆ ಹಲಸಿನ ಎಲೆ ಇಟ್ಟು, ಹಾರದಂಗೆ ಕಲ್ಲಿಟ್ಟು ಎರಡು ಮೂರು ದಿನ ತಾರಸಿ ಬಿಸಿಲಲ್ಲಿ ಬಿಡಿ. ಎಲೆ ತೆಗೆದ್ರೆ ಅದರ ಕೆಳಗೆ ಮಾತ್ರ ಬಣ್ಣ ಹಾಗೇ ಇರುತ್ತೆ, ಸುತ್ತ ಮಾಸಿರುತ್ತೆ. ಕ್ಲಾಸಲ್ಲಿ ಇದನ್ನ ಗೋಡೆಗೆ ಅಂಟಿಸಿದ್ದೀನಿ.

ಸ್ಟೆಪ್ 7: ಕಣ್ಣು

ಸೂರ್ಯನನ್ನ ನೇರವಾಗಿ ನೋಡಬಾರದು, ಯಾವತ್ತೂ. ಇದರಲ್ಲಿ ಆಟ ಇಲ್ಲ, ನೆಟ್ಟಗೆ ಹೇಳಿ, ಕಣ್ಣಿನ ಒಳಗೆ ಸುಟ್ರೆ ನೋವೇ ಗೊತ್ತಾಗಲ್ಲ. ಗ್ರಹಣದ ದಿನ ಎಕ್ಸ್‌ರೇ ಫಿಲ್ಮ್, ನೀರಿನ ಪಾತ್ರೇಲಿ ಬಿಂಬ ನೋಡೋದು ಎರಡೂ ಬೇಡ, ರಟ್ಟಿಗೆ ಸೂಜಿ ತೂತು ಮಾಡಿ ನೆಲದ ಮೇಲೆ ಬೀಳೋ ಬಿಂಬ ನೋಡ್ಲಿ. ಆಟದ ಸಾಮಾನಿನ ಬಣ್ಣದ ಕನ್ನಡಕ ಕೊಡ್ಬೇಡಿ, ಕೊಡೋದಾದ್ರೆ ಯುವಿ 400 ಅಂತ ಇರೋದೇ ಕೊಡಿ.

ಸ್ಟೆಪ್ 8: ನೀರು

ಬಾಯಾರಿಕೆ ಆದ್ಮೇಲೆ ಕುಡಿಯೋದಲ್ಲ, ಆಟದ ಮಧ್ಯೆ ಇಪ್ಪತ್ತು ನಿಮಿಷಕ್ಕೊಂದ್ಸಲ ನಾಲ್ಕು ಗುಟುಕು. ಬಾಟಲಿ ಮೇಲೆ ಸ್ಕೆಚ್ ಪೆನ್ನಲ್ಲಿ ಗೆರೆ ಹಾಕಿ, ಇಂಟರ್‌ವಲ್ ತನಕ ಇಲ್ಲಿಗೆ, ಊಟದ ತನಕ ಇಲ್ಲಿಗೆ, ಮನೆಗೆ ಬರೋವಾಗ ಖಾಲಿ. ಸುಸು ಬಣ್ಣ ನೋಡೋದು ಕಲಿಸಿ, ನಿಂಬೆ ಪಾನಕದ ಥರ ತಿಳಿಯಾಗಿದ್ರೆ ಸರಿ, ಸಾರಿನ ಥರ ಗಾಢ ಆಗಿದ್ರೆ ನೀರು ಕಮ್ಮಿ ಅಂತ. ಮಕ್ಕಳಿಗೆ ಇದು ತುಂಬಾ ಇಷ್ಟ, ಬಂದು ಬಂದು ವರದಿ ಕೊಡ್ತಾರೆ. ಬಾಟಲಿ ಜ್ಯೂಸ್, ಸೋಡಾ ಬದಲು ಮಜ್ಜಿಗೆ, ರಾಗಿ ಅಂಬಲಿ, ಎಳನೀರು, ಬೆಲ್ಲದ ಪಾನಕ. ಒಂದು ಸಮಸ್ಯೆ ಎಷ್ಟೋ ಸ್ಕೂಲಲ್ಲಿ ನೋಡಿದ್ದೀನಿ, ಟಾಯ್ಲೆಟ್ ಚೆನ್ನಾಗಿಲ್ಲ ಅಂತ ಹೆಣ್ಣು ಮಕ್ಕಳು ನೀರೇ ಕುಡಿಯಲ್ಲ. ನಿಮ್ಮ ಮಗು ಬಾಟಲಿ ತುಂಬಿದ್ದನ್ನ ಹಾಗೇ ವಾಪಸ್ ತರ್ತಿದ್ರೆ ಬೈಬೇಡಿ, ಟಾಯ್ಲೆಟ್ ಹೇಗಿದೆ ಅಂತ ಕೇಳಿ.

ಸ್ಟೆಪ್ 9: ಮುಟ್ಟಿ ನೋಡು

ಪಾರ್ಕಿನ ತಗಡಿನ ಜಾರುಬಂಡೆ, ಬೈಕಿನ ಸೀಟು, ದೇವಸ್ಥಾನದ ಕಲ್ಲು ಹಾಸು, ಇದಕ್ಕೆಲ್ಲ ಒಂದೇ ಪರೀಕ್ಷೆ. ಹಿಂಗೈ ಇಟ್ಟು ಐದು ಎಣಿಸು, ಐದರ ತನಕ ಇಡೋಕೆ ಆಗ್ಲಿಲ್ಲ ಅಂದ್ರೆ ಕೂರೋದೂ ಬೇಡ ನಡೆಯೋದೂ ಬೇಡ. ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಮಕ್ಕಳನ್ನ ಕರ್ಕೊಂಡು ಹೋಗೋರು ದಯವಿಟ್ಟು ಬೆಳಗ್ಗೆ ಬೇಗ ಹೋಗಿ, ಬ್ಯಾಗಲ್ಲಿ ದಪ್ಪ ಕಾಲುಚೀಲ ಇಟ್ಕೊಳ್ಳಿ. ಹತ್ತೋವಾಗಲ್ಲ, ಇಳಿಯೋವಾಗ ಎಷ್ಟು ಗಂಟೆ ಆಗಿರುತ್ತೆ ಅಂತ ಲೆಕ್ಕ ಹಾಕಿ ಹೊರಡಿ.

ನಿಲ್ಲಿಸಿದ ಕಾರಲ್ಲಿ ಮಗುನ ಒಂದು ನಿಮಿಷಕ್ಕೂ ಬಿಡ್ಬೇಡಿ. ಬಿಸಿಲಲ್ಲಿ ಹತ್ತು ನಿಮಿಷಕ್ಕೇ ಒಳಗೆ ಸುಮಾರು ಹತ್ತು ಡಿಗ್ರಿ ಏರುತ್ತೆ, ಗ್ಲಾಸ್ ಸ್ವಲ್ಪ ಇಳಿಸಿದ್ರೂ ಉಪಯೋಗ ಇಲ್ಲ.

ಸ್ಟೆಪ್ 10: ಮಗು ಯಾವಾಗ ಬಂದು ಹೇಳ್ಬೇಕು, ನಾವೇನು ಮಾಡ್ಬೇಕು

ಮಗುಗೆ ಮೂರು ಮಾತು ಕಲಿಸಿ: ತಲೆ ನೋಯ್ತಿದೆ, ತಲೆ ಸುತ್ತುತ್ತಿದೆ, ವಾಂತಿ ಬರೋ ಹಾಗಿದೆ. ಬಿಸಿಲಲ್ಲಿ ಈ ಮೂರರಲ್ಲಿ ಒಂದಾದ್ರೂ ಆಟ ನಿಲ್ಲಿಸಿ ಹತ್ರ ಇರೋ ದೊಡ್ಡೋರಿಗೆ ಹೇಳು, ಯಾರೂ ಬೈಯಲ್ಲ.

ಹೇಳಿದಾಗ ನೆರಳಿಗೆ ಕರ್ಕೊಂಡು ಬನ್ನಿ, ಬಟ್ಟೆ ಸಡಿಲ ಮಾಡಿ, ಒದ್ದೆ ಬಟ್ಟೇಲಿ ಕತ್ತು ಕಂಕುಳು ಒರೆಸಿ ಗಾಳಿ ಹಾಕಿ, ಒಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಒಆರ್‌ಎಸ್ ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿರುತ್ತೋ ಅಷ್ಟಕ್ಕೇ ಕಲಸಿ, ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಅರ್ಧ ಅರ್ಧ ಅಂದಾಜಲ್ಲಿ ಹಾಕೋದು ತಪ್ಪು. ಮೈ ಕೆಂಡದ ಹಾಗೆ ಸುಡ್ತಿದ್ದು ಮಗು ಏನೇನೋ ಮಾತಾಡ್ತಿದ್ರೆ, ತೂಕಡಿಸ್ತಿದ್ರೆ, ಎಬ್ಬಿಸಿದ್ರೂ ಏಳ್ತಿಲ್ಲ ಅಂದ್ರೆ, ಫಿಟ್ಸ್ ಬಂದ್ರೆ ಅದು ಹೀಟ್ ಸ್ಟ್ರೋಕ್. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋ ತನಕ ಮೈ ಮೇಲೆ ನೀರು ಹಾಕಿ ಗಾಳಿ ಹಾಕ್ತಾನೇ ಇರಿ, ಪ್ರಜ್ಞೆ ಸರಿ ಇಲ್ಲದ ಮಗುಗೆ ಬಾಯಿಗೆ ಏನೂ ಹಾಕ್ಬೇಡಿ. ಪ್ಯಾರಾಸಿಟಮಾಲ್ ಈ ಜ್ವರ ಇಳಿಸಲ್ಲ.

ಬರೀ ಚರ್ಮ ಕೆಂಪಾಗಿ ಉರೀತಿದ್ರೆ ಹತ್ತು ಹದಿನೈದು ನಿಮಿಷ ತಣ್ಣೀರು ಬಟ್ಟೆ, ಆಮೇಲೆ ಲೋಳೆಸರ. ಐಸ್, ಟೂತ್‌ಪೇಸ್ಟ್, ಬೆಣ್ಣೆ ಬೇಡ. ಬೊಬ್ಬೆ ಒಡೀಬೇಡಿ. ಒಂದು ವರ್ಷದೊಳಗಿನ ಕೂಸಾದ್ರೆ ನೇರ ಡಾಕ್ಟರ್ ಹತ್ರ.

ಕೊನೇದಾಗಿ ಸ್ಕೂಲು

ಮನೇಲಿ ಎಷ್ಟು ಕಲಿಸಿದ್ರೂ ಸ್ಕೂಲಲ್ಲಿ ಬಿಸಿಲಲ್ಲಿ ನಿಲ್ಲಿಸಿದ್ರೆ ಮಗು ಏನು ಮಾಡುತ್ತೆ, ಟೀಚರ್ ಮಾತು ಮೀರೋಕೆ ಆಗುತ್ತಾ. ಆಗಸ್ಟ್ 15ರ ಪರೇಡ್ ಪ್ರಾಕ್ಟೀಸ್ ನೋಡಿ, ಶೂನ್ಯ ನೆರಳಿನ ದಿನದ ಹತ್ತಿರಾನೇ ಅದು, ಸೂರ್ಯ ನೆತ್ತಿ ಮೇಲೆ, ಮೋಡ ಸರಿದ ದಿನ ಹನ್ನೊಂದು ಗಂಟೆಗೆ ಪುಟಾಣಿಗಳು ಸಾಲಾಗಿ ನಿಂತಿರ್ತವೆ. ಹೋದ ವರ್ಷ ನಾನು ನಮ್ಮ ಹೆಡ್ ಮಿಸ್ ಹತ್ರ ನಾಲ್ಕೇ ವಿಷಯ ಕೇಳ್ದೆ. ಪ್ರಾಕ್ಟೀಸ್ ಬೆಳಗ್ಗೆ ಎಂಟೂವರೆಗೆ ಮಾಡೋಣ, ಹದಿನೈದು ನಿಮಿಷಕ್ಕೊಂದ್ಸಲ ನೀರಿಗೆ ಬಿಡೋಣ, ಯೂನಿಫಾರ್ಮ್ ಜೊತೆ ಟೋಪಿಗೆ ಒಪ್ಪಿಗೆ ಕೊಡಿ, ಮತ್ತೆ ಮಕ್ಕಳನ್ನ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸೋಣ, ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯೋ ಬದಲು ಬೆನ್ನಿಗೆ ಬೀಳ್ಲಿ ಅಂತ. ನಾಲ್ಕಕ್ಕೂ ಆಯ್ತು ಅಂದ್ರು. ನೀವೂ ನಿಮ್ಮ ಸ್ಕೂಲಲ್ಲಿ ಕೇಳಿ, ಜುಲೈ ಮುಗಿಯೋದ್ರೊಳಗೆ ಕೇಳಿ, ಟೈಮ್‌ಟೇಬಲ್ ಹಾಕಿದ್ಮೇಲೆ ಬದಲಾಯಿಸೋದು ಅವರಿಗೂ ಕಷ್ಟ.